ಒಡ್ಡಿನ ಹಿಂದಿನ ನೀರು

ಒಡ್ಡಿನ ಮೇಲೆ ಒಂದು ಬೋರ್ಡಿದೆ. ಹಸಿರು ತಗಡು, ಬಿಳಿ ಅಕ್ಷರ. ‘ಈ ಒಡ್ಡಿನ ಉಪಯೋಗಗಳು’ ಎಂದು ಮೇಲೆ ದಪ್ಪಗೆ ಬರೆಸಿ, ಕೆಳಗೆ ಏಳು ಸಾಲು ಹಾಕಿಸಿದ್ದಾರೆ. ಹೊಲಗಳಿಗೆ ನೀರು. ದನಕರುಗಳಿಗೆ ನೀರು. ಮೀನು ಸಾಕಣೆ. ಈಜು. ವಾಯುವಿಹಾರ. ದೋಣಿವಿಹಾರ. ಏಳನೆಯದು ಪಕ್ಷಿವೀಕ್ಷಣೆ. ನನಗೆ ಅಕ್ಷರ ಕೂಡಿಸಿ ಕೂಡಿಸಿ ಓದಲು ಬರುತ್ತದೆ. ಏಳೂ ಓದಿ ಮುಗಿಸಿ, ಇನ್ನೂ ಏನಾದರೂ ಇರಬಹುದೆಂದು ಬೋರ್ಡಿನ ಹಿಂಬದಿಗೂ ಹೋಗಿ ನೋಡಿದೆ. ಅಲ್ಲಿ ಬರೀ ತುಕ್ಕು.

ಜೊತೆಯಲ್ಲಿದ್ದ ಮಗಳು, "ಹುಡುಕ್ಬೇಡಮ್ಮ, ನಾವಿಲ್ಲ. ಕೊಕ್ಕರೆಗೆ ಜಾಗ ಸಿಕ್ಕಿದೆಯಲ್ಲ, ಅಷ್ಟಕ್ಕೆ ಖುಷಿಪಡು" ಎಂದಳು.

ಬರೆಸಿದವನು ಒಡ್ಡಿನ ಸಮಿತಿಯ ಅಧ್ಯಕ್ಷ. ಅವನಿಗೆ ಬೋರ್ಡಿನ ಹುಚ್ಚು. ಪಂಪಿನ ಕೋಣೆಗೊಂದು, ಕಸದ ಡಬ್ಬಕ್ಕೊಂದು, ತನ್ನ ಮನೆಯ ಗೇಟಿಗೆ ಎರಡು. ಎಲ್ಲದರಲ್ಲೂ ಕೆಳಗೆ ಅವನ ಹೆಸರು. ಕೆಳಗಿನ ಬೀದಿಯಲ್ಲಿ ನಾವು ಅವನನ್ನು ಕರೆಯುವುದೇ ಬೋರ್ಡು ಎಂದು. ಆ ಒಡ್ಡಿನ ಮೇಲೆ ದಿನಾ ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಕೈ ಬೀಸಿ ನಡೆಯುತ್ತಾನೆ. ಅದರ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ತುಳಿದವಳು ನಾನು.

ಮಣ್ಣಿನ ಒಡ್ಡೆಂದರೆ ಮಣ್ಣು ತಂದು ಗುಡ್ಡೆ ಹಾಕಿದರೆ ಆಯಿತು ಎಂದುಕೊಂಡವರಿದ್ದಾರೆ. ಅಂಥವರು ಕಟ್ಟಿದ್ದು ಮೊದಲ ನೀರಿಗೇ ಹೋಗುತ್ತದೆ. ಒಡ್ಡಿನ ನಡುವೆ, ಬುಡದಿಂದ ನೆತ್ತಿಯವರೆಗೆ, ಜೇಡಿಮಣ್ಣಿನ ಒಂದು ಗೋಡೆ ಇರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ನೀರನ್ನು ತಡೆಯುವುದು ಅದೇ. ಆ ಜೇಡಿಗೆ ನೀರು ಬಿಟ್ಟು ಕಾಲಿನಿಂದ ತುಳಿಯಬೇಕು. ಹತ್ತು ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಸಾಲಾಗಿ ನಿಲ್ಲುತ್ತಿದ್ದೆವು. ಹಿಮ್ಮಡಿ ಮೊದಲು, ಬೆರಳು ಆಮೇಲೆ. ಒಂದು ಗೇಣು ಜೇಡಿ ನಾಲ್ಕು ಬೆರಳಿಗೆ ಇಳಿಯಬೇಕು. ಇಳಿದ ಮೇಲೆ ಮೇಸ್ತ್ರಿ ಬಂದು ಕಬ್ಬಿಣದ ಸರಳು ಚುಚ್ಚುತ್ತಿದ್ದ. ಸರಳು ಸಲೀಸಾಗಿ ಒಳಗೆ ಹೋದರೆ ಅಷ್ಟನ್ನೂ ಅಗೆದು ಮತ್ತೆ ತುಳಿಯಬೇಕು.

ಎರಡು ವರ್ಷ ತುಳಿದೆವು. ಕಾಲಿನ ಉಗುರು ಉದುರಿದವು. ಹಿಮ್ಮಡಿ ಸೀಳಿದವು, ಸೀಳಿನೊಳಗೆ ಜೇಡಿ ಹೊಕ್ಕು ಒಣಗಿ ಇನ್ನಷ್ಟು ಸೀಳಿದವು. ಈ ಮಗಳು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳವರೆಗೂ ನಾನು ಸಾಲಿನಲ್ಲಿದ್ದೆ. "ಭಾರ ಇದ್ರೆ ಒಳ್ಳೇದೇ, ಮಣ್ಣು ಬೇಗ ಇಳಿಯುತ್ತೆ" ಎಂದು ಮೇಸ್ತ್ರಿ ಹಲ್ಲು ಕಿರಿದಿದ್ದ. ಸಾಲಿನ ಮುಂದೆ ನಿಂತು ಹೆಜ್ಜೆ ಹಾಕಿಕೊಡುತ್ತಿದ್ದವಳು ನನ್ನ ಅತ್ತೆ. ಆಗಲೇ ಅವಳ ಕಣ್ಣು ಮಂಜಾಗಿತ್ತು. ಈಗ ಪೂರ್ತಿ ಕಾಣುವುದಿಲ್ಲ. ಆದರೆ ಒಡ್ಡಿನ ವಿಷಯದಲ್ಲಿ ಊರಿನಲ್ಲಿ ಕಣ್ಣಿರುವವಳು ಅವಳೊಬ್ಬಳೇ.

ಎಷ್ಟೇ ತುಳಿದರೂ ಮಣ್ಣಿನ ಒಡ್ಡು ಬೆವರುತ್ತದೆ. ಬೆವರಬೇಕು. ಒಳಗೆ ಹೊಕ್ಕ ಅಷ್ಟಿಷ್ಟು ನೀರು ಹೊರಗೆ ಹೋಗಲೆಂದೇ ಹಿಂಬದಿಯ ಬುಡದಲ್ಲಿ ಉದ್ದಕ್ಕೂ ಮರಳು, ಜಲ್ಲಿ, ದಪ್ಪ ಕಲ್ಲು ತುಂಬಿ ದಾರಿ ಬಿಟ್ಟಿದ್ದೆವು. ಆ ದಾರಿಯಿಂದ ನೀರು ಜಿನುಗಿ ಒಂದು ಗುಂಡಿಗೆ ಬೀಳುತ್ತಿತ್ತು. ಕೆರೆ ತುಂಬಿದ ದಿನ ಆಗಿನ ಸಮಿತಿಯವರು ನಮ್ಮನ್ನೆಲ್ಲ ಸೇರಿಸಿ, ಒಡ್ಡಿನ ಮುಂದಿನ ನೀರು ಮೇಲಿನ ಬೀದಿಗೆ, ಹಿಂದಿನ ನೀರು ಕೆಳಗಿನ ಬೀದಿಗೆ ಎಂದರು. ಮುಂದಿನ ನೀರೆಂದರೆ ಇಡೀ ಕೆರೆ. ಹಿಂದಿನ ನೀರೆಂದರೆ ಆ ಗುಂಡಿ. ಯಾಕೆ ಎಂದು ಯಾರೂ ಕೇಳಲಿಲ್ಲ. ಯಾಕೆಂದು ಕೇಳುವ ಹಾಗಿದ್ದಿದ್ದರೆ ನಾವು ಕೆಳಗಿನ ಬೀದಿಯಲ್ಲಿ ಯಾಕಿರುತ್ತಿದ್ದೆವು.

ಮುಂದಿನ ನೀರಿನಲ್ಲಿ ಎಮ್ಮೆಗಳು ಮೂಗಿನವರೆಗೆ ಮುಳುಗಿ ಮಲಗುತ್ತವೆ. ಬೋರ್ಡಿನ ನಾಯಿ ಈಜುತ್ತದೆ. ಅವನ ಭಾವಮೈದ ಎಣ್ಣೆ ಮೆತ್ತಿದ ಟ್ರ್ಯಾಕ್ಟರನ್ನು ಮೆಟ್ಟಿಲ ಹತ್ತಿರವೇ ತೊಳೆಯುತ್ತಾನೆ. ಅದರಿಂದೆಲ್ಲ ನೀರಿಗೆ ಏನೂ ಆಗುವುದಿಲ್ಲ. ನಾನು ಕೊಡ ಮುಳುಗಿಸಿದರೆ ಹೊಲಸಾಗುತ್ತದೆ. ಎರಡು ವರ್ಷ ನನ್ನ ಬೆವರು, ನನ್ನ ಹಿಮ್ಮಡಿಯ ರಕ್ತ ಈ ಒಡ್ಡಿನ ಹೊಟ್ಟೆಗೇ ಹೋಗಿದೆ. ಆಗ ಯಾರಿಗೂ ಅಸಹ್ಯವಾಗಲಿಲ್ಲ.

ತಮಾಷೆ ಏನೆಂದರೆ, ಅವರ ನೀರಿಗಿಂತ ನಮ್ಮದೇ ತಿಳಿಯಾಗಿತ್ತು. ಒಡ್ಡಿನ ಮೈಯೆಲ್ಲ ಸೋಸಿ ಬರುತ್ತಿತ್ತಲ್ಲ. ದಿನಾ ಬೆಳಿಗ್ಗೆ ಮೊದಲ ಕೊಡದಿಂದ ಅತ್ತೆಗೆ ಒಂದು ಬೊಗಸೆ ಕೊಡಬೇಕು. ಅವಳು ನೀರನ್ನು ನಾಲಿಗೆಯ ಮೇಲೆ ಹಿಡಿದು, ಅಂಗುಳಿಗೆ ಒತ್ತಿ, ಆಮೇಲೆ ನುಂಗುತ್ತಿದ್ದಳು. ತುಳಿಯುವವರು ಒಡ್ಡಿನ ಆರೋಗ್ಯ ನೋಡುವುದು ಹೀಗೆಯೇ. ನೀರು ಬರೀ ನೀರಾಗಿದ್ದರೆ ಒಡ್ಡು ಗಟ್ಟಿ. ನಾಲಿಗೆಗೆ ಮಣ್ಣು ಸಿಕ್ಕಿದರೆ ಒಳಗಿನಿಂದ ಕೊರೆಯುತ್ತಿದೆ ಎಂದರ್ಥ. ಇಪ್ಪತ್ತೈದು ವರ್ಷ ಅವಳು ಹೇಳಿದ್ದು ಒಂದೇ ಮಾತು, "ಮಣ್ಣಿಲ್ಲ. ಕುಡೀರಿ."

ನನ್ನ ಗಂಡ ತೂಬಿನವನು. ಒಡ್ಡಿನ ನೆತ್ತಿಯ ಮೇಲಿರುವ ಕಬ್ಬಿಣದ ಚಕ್ರ ತಿರುಗಿಸಿದರೆ ನೀರಿನ ತಳದಲ್ಲಿ ತೂಬಿನ ಬಾಗಿಲು ಏಳುತ್ತದೆ, ನೀರು ಕಾಲುವೆ ಹಿಡಿದು ಮೇಲಿನವರ ಹೊಲಕ್ಕೆ ಹೋಗುತ್ತದೆ. ಚಕ್ರ ಬಿಗಿ. ತಿರುಗಿಸಿದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಅದಕ್ಕೇ ಆ ಕೆಲಸ ನಮ್ಮ ಬೀದಿಗೆ ಬಂತು. ನನ್ನ ಗಂಡ ಒಳ್ಳೆಯವನು, ಆದರೆ ಪುಕ್ಕಲ. ಬೋರ್ಡು ದೂರದಲ್ಲಿ ಕೆಮ್ಮಿದರೂ ಊಟ ಬಿಟ್ಟು ಎದ್ದು ನಿಲ್ಲುತ್ತಾನೆ.

ಈ ವರ್ಷ ಬೋರ್ಡಿಗೆ ದೋಣಿಯ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ಕಿನ ಎರಡು ಹಂಸ ತರಿಸಿದ. ಬಿಳಿ ಕುತ್ತಿಗೆ, ಕೆಂಪು ಕೊಕ್ಕು, ಎಲ್ಲರನ್ನೂ ಕೀಳಾಗಿ ನೋಡುವ ಕಣ್ಣು. ಥೇಟ್ ತರಿಸಿದವನ ಹಾಗೆಯೇ. ಒಳಗೆ ಕೂತು ಸೈಕಲ್ಲಿನಂತೆ ತುಳಿದರೆ ಮುಂದೆ ಹೋಗುತ್ತವೆ. ಅವುಗಳ ಉದ್ಘಾಟನೆಗೆ ದೊಡ್ಡ ಮನುಷ್ಯರನ್ನು ಕರೆದಿದ್ದ. ಆದರೆ ಬೇಸಿಗೆಯಲ್ಲಿ ನೀರು ತಗ್ಗಿದರೆ ಹಂಸಗಳು ಕೆಸರಿನಲ್ಲಿ ಕೂರುತ್ತವೆ. ನೀರು ಎಲ್ಲೆಲ್ಲಿ ಹೋಗುತ್ತಿದೆ ಎಂದು ನೋಡಲು ಒಬ್ಬ ಎಂಜಿನಿಯರನನ್ನು ಹಿಡಿದು ತಂದ. ಮೀಸೆ ಇನ್ನೂ ಸರಿಯಾಗಿ ಬಾರದವನು. ಮನೆ ಕಟ್ಟುವುದು ಗೊತ್ತಿತ್ತಂತೆ, ಒಡ್ಡು ನೋಡಿದ್ದು ಅದೇ ಮೊದಲಂತೆ. ಆಮೇಲೆ ಅವನೇ ಹೇಳಿದ.

ನನ್ನನ್ನು ಪಂಪಿನ ಕೋಣೆಗೆ ಕರೆಸಿದರು. ಕರೆಸಿದರು ಎಂದರೆ ಹೊಸ್ತಿಲ ಹೊರಗೆ ನಿಲ್ಲಿಸಿದರು. ಒಳಗೆ ಫ್ಯಾನಿನ ಕೆಳಗೆ ಬೋರ್ಡು, ಅವನ ಭಾವಮೈದ, ಎಂಜಿನಿಯರ್ ಕೂತು ಚಹಾ ಕುಡಿಯುತ್ತಿದ್ದರು. ಎಂಜಿನಿಯರ್ ಒಂದು ಹಾಳೆ ಓದಿದ. ಒಡ್ಡಿನ ಹಿಂಬದಿಯಲ್ಲಿ ದಿನಕ್ಕೆ ಇನ್ನೂರು ಕೊಡದಷ್ಟು ‘ಸೋರಿಕೆ ನಷ್ಟ’ ಇದೆಯಂತೆ.

"ನಷ್ಟ ಅಲ್ಲ ಸ್ವಾಮಿ" ಎಂದೆ. "ಅದು ನಾವು ಕುಡಿಯೋ ನೀರು."

ಅವನು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. "ಇದರಲ್ಲಿ ಹಾಗೆ ಬರೆಯೋಕೆ ಜಾಗ ಇಲ್ಲಮ್ಮ" ಎಂದ.

ಬೋರ್ಡು ಲೋಟ ಕೆಳಗಿಟ್ಟ. "ಹಿಂದಿನ ಬುಡಕ್ಕೆ ಉದ್ದಕ್ಕೂ ಸಿಮೆಂಟ್ ಹಾಕಿ ಮುಚ್ಚಿಬಿಡಬೇಕು. ನಿಮ್ಮ ಬೀದಿಯೋರೇ ಮಾಡಿ. ಕೂಲಿ ಕೊಡ್ತೀನಿ. ಒಡ್ಡಿನ ಕೆಲಸ ನಿನಗೆ ಗೊತ್ತಲ್ಲ, ನೀನೇ ಮುಂದೆ ನಿಂತು ಮಾಡಿಸು."

"ಮುಚ್ಚಿದ್ಮೇಲೆ ನಾವೇನು ಕುಡಿಯೋದು?"

"ಅದಕ್ಕೊಂದು ಅರ್ಜಿ ಕೊಡು, ನೋಡೋಣ."

"ನೀರಿನ ಮಾತು ಆಮೇಲಾಗ್ಲಿ ಸ್ವಾಮಿ. ಒಡ್ಡು ಬೆವರಬೇಕು. ಆ ದಾರಿ ಮುಚ್ಚಿದ್ರೆ ನೀರು ಒಳಗೇ ನಿಂತು ಒಡ್ಡಿನ ಬೆನ್ನು ಕುಸಿಯುತ್ತೆ. ಬೇಕಿದ್ರೆ ನಮ್ಮತ್ತೇನ ಕೇಳಿ."

ಬೋರ್ಡು ಎಂಜಿನಿಯರನ ತೊಡೆ ತಟ್ಟಿದ. "ಕೇಳಿದ್ರಾ? ಒಡ್ಡಿಗೆ ಸೆಕೆ ಆಗುತ್ತಂತೆ. ಒಂದು ಫ್ಯಾನ್ ಹಾಕಿಸೋಣ್ವಾ?"

ಮೂವರೂ ನಕ್ಕರು. ಭಾವಮೈದ ಬಾಯಲ್ಲಿದ್ದ ಚಹಾ ಮೇಜಿನ ಮೇಲೆ ಉಗುಳುವಷ್ಟು ನಕ್ಕ. ಆಮೇಲೆ ನನ್ನ ಕಡೆ ತಿರುಗಿ ಅದನ್ನು ಒರೆಸು ಎಂದು ಬಟ್ಟೆ ಎಸೆದ. ಹೊಸ್ತಿಲು ದಾಟಬಾರದ ನಾನು ಅದನ್ನು ಒರೆಸುವುದು ಹೇಗೆ ಎಂದು ಅವನಿಗೂ ಆಮೇಲೆ ಹೊಳೆದಿರಬೇಕು. ಎದ್ದು ತಾನೇ ಒರೆಸಿಕೊಂಡ.

"ನನ್ನ ಬಾಯಿಗೆ ನಾನೇ ಮಣ್ಣು ಹಾಕ್ಕೊಳಲ್ಲ" ಎಂದೆ. "ಈ ಕೆಲಸಕ್ಕೆ ನಮ್ಮ ಬೀದಿಯಿಂದ ಒಂದು ಕೈಯೂ ಬರಲ್ಲ."

"ನೀನಿಲ್ಲ ಅಂದ್ರೆ ನೂರು ಜನ. ಹೋಗು ಹೋಗು" ಎಂದು ಬೋರ್ಡು ನೊಣ ಓಡಿಸುವ ಹಾಗೆ ಕೈ ಆಡಿಸಿದ.

ಮನೆಗೆ ಬಂದರೆ ಗಂಡನಿಗೆ ಆಗಲೇ ಸುದ್ದಿ ಮುಟ್ಟಿತ್ತು. "ಯಾಕೆ ಅವ್ರ ಬಾಯಿಗೆ ಬೀಳ್ತೀಯ? ನಾಳೆ ಚಕ್ರ ಬೇರೆಯವ್ರ ಕೈಗೆ ಕೊಟ್ರೆ ಏನ್ಮಾಡ್ತೀಯ?" ಎಂದು ತಲೆ ಮೇಲೆ ಕೈಹೊತ್ತು ಕೂತ.

"ಕೊಡ್ಲಿ. ಭಾವಮೈದ ತಿರುಗಿಸ್ಲಿ. ಅವನ ಕೈಯಲ್ಲಿ ಬೊಬ್ಬೆ ಏಳೋದನ್ನ ನಾನೂ ನೋಡ್ತೀನಿ" ಎಂದೆ. ಮೂಲೆಯಲ್ಲಿದ್ದ ಅತ್ತೆ ನಕ್ಕಳು. ಅವನು ನಗಲಿಲ್ಲ.

ಎರಡು ದಿನದಲ್ಲಿ ಹೊರಗಿನಿಂದ ಬಂದ ಆಳುಗಳು ಒಡ್ಡಿನ ಬುಡಕ್ಕೆ ಈ ತುದಿಯಿಂದ ಆ ತುದಿಗೆ ಮೊಣಕಾಲೆತ್ತರ ಸಿಮೆಂಟು ಹಾಕಿದರು. ಭಾವಮೈದ ಅದರ ಮೇಲೆ ಬೆರಳಿನಿಂದ ತನ್ನ ಹೆಸರು ಗೀಚಿದ. ಮೂರನೇ ದಿನ ನಮ್ಮ ಗುಂಡಿಯ ತಳ ಕಂಡಿತು. ನಾಲ್ಕನೇ ದಿನ ತಳವೂ ಬಿರುಕು ಬಿಟ್ಟಿತು.

ಆಮೇಲೆ ಹಳೇ ಕಲ್ಲುಗಣಿಯ ಹೊಂಡದಿಂದ ನೀರು ತಂದೆವು. ಹೋಗಿ ಬರಲು ಒಂದೂವರೆ ತಾಸು, ಇಳಿಯಲು ಏಣಿ, ನೀರಿನ ಮೇಲೆ ಹಸಿರು ಕೆನೆ. ದಿನಕ್ಕೆ ನಾಲ್ಕು ಸಲ. ಬಟ್ಟೆಯಲ್ಲಿ ಸೋಸಿದರೂ, ಕುದಿಸಿದರೂ ವಾಸನೆ ಹೋಗುತ್ತಿರಲಿಲ್ಲ. ಮಗಳು ಹೆರಿಗೆಗೆಂದು ಮನೆಗೆ ಬಂದಿದ್ದಳು. ಮಗುವಿಗೆ ಆಗ ಇಪ್ಪತ್ತು ದಿನ. ಬಾಣಂತಿಗೆ ಆ ನೀರು ಒಗ್ಗಲಿಲ್ಲ. ಕುಡಿದದ್ದೆಲ್ಲ ವಾಂತಿಯಾಗಿ ಹೋಗುತ್ತಿತ್ತು. ಎದೆ ಹಾಲು ಬತ್ತಿತು. ಮಗು ಚೀಪಿ ಚೀಪಿ, ಸಿಗದೆ, ಅಳಲೂ ಆಗದೆ ಬಾಯಿ ತೆರೆದು ಸುಮ್ಮನಾಗುತ್ತಿತ್ತು. ಅಳುತ್ತಿದ್ದರೆ ಎಷ್ಟೋ ವಾಸಿ.

ಎಂಟನೇ ದಿನ ನಾನು ಗಣಿಗೆ ಹೋಗಿದ್ದಾಗ ಮಗಳು ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಕೊಡ ತೆಗೆದುಕೊಂಡು ಮುಂದಿನ ಮೆಟ್ಟಿಲಿಗೆ ಹೋದಳು. ಮೂರು ಮೆಟ್ಟಿಲು ಇಳಿದು ಕೊಡ ತುಂಬಿದಳು. ಭಾವಮೈದ ಟ್ರ್ಯಾಕ್ಟರ್ ಹತ್ತಿರ ಇದ್ದ. ಬಂದವನೇ ಕೊಡಕ್ಕೆ ಒದ್ದ. ಕೊಡ ಉರುಳಿತು, ಮಗಳೂ ಉರುಳಿದಳು. ಅವಳು ಏಳುವಷ್ಟರಲ್ಲಿ ಆಳಿಗೆ ಸೋಪು, ಪೊರಕೆ ತರಲು ಹೇಳಿದ. ಎಮ್ಮೆ ಸಗಣಿ ಹಾಕಿದ ಮೆಟ್ಟಿಲು ಅದು. ಸಗಣಿಯನ್ನು ಹಾಗೆಯೇ ಬಿಟ್ಟು, ನನ್ನ ಮಗಳು ನಿಂತಿದ್ದ ಜಾಗವನ್ನು ಸೋಪು ಹಾಕಿ ಉಜ್ಜಿಸಿದ. ಅವಳ ಕಣ್ಣೆದುರೇ ಉಜ್ಜಿಸಿದ.

ಅವಳು ಮೊಣಕೈ ತರಚಿಕೊಂಡು ಖಾಲಿ ಕೊಡದೊಂದಿಗೆ ಬಂದಳು. ಅಳಲಿಲ್ಲ. ಮಗುವನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. "ಸಗಣಿಗೆ ಮರ್ಯಾದೆ ಇದೆ ಅಮ್ಮ, ನಂಗಿಲ್ಲ" ಎಂದಳು. ಗಂಡ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಹನ್ನೊಂದನೇ ದಿನ ಹಂಸಗಳ ಉದ್ಘಾಟನೆ. ಬೆಳಿಗ್ಗೆಯೇ ಒಡ್ಡಿನ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಅತ್ತೆ ನನ್ನ ಕೈ ಹಿಡಿದು, "ನನ್ನನ್ನ ಒಡ್ಡಿನ ಹಿಂದಕ್ಕೆ ಕರ್ಕೊಂಡು ಹೋಗು" ಎಂದಳು. ಹಿಂದಿನ ದಿನದಿಂದ ಅವಳಿಗೆ ಹಸಿಮಣ್ಣಿನ ವಾಸನೆ ಬಡಿಯುತ್ತಿತ್ತಂತೆ. ಮಳೆ ಬಿದ್ದು ಎರಡು ತಿಂಗಳಾಗಿತ್ತು.

ಚಪ್ಪಲಿ ಬಿಟ್ಟು ಅವಳು ಒಡ್ಡಿನ ಇಳಿಜಾರಿನಲ್ಲಿ ಅಡ್ಡಡ್ಡ ನಡೆದಳು. ಹಿಮ್ಮಡಿ ಮೊದಲು, ಬೆರಳು ಆಮೇಲೆ. ಸಿಮೆಂಟಿನಿಂದ ಎರಡಾಳು ಮೇಲೆ ನಿಂತುಬಿಟ್ಟಳು. ಅಲ್ಲಿ ನೆಲ ಮೆತ್ತಗಿತ್ತು. ಒತ್ತಿದರೆ ಕಾಲಿನ ಸುತ್ತ ನೀರು ಏಳುತ್ತಿತ್ತು. ಅದರ ಕೆಳಗೆ ಒಡ್ಡಿನ ಬೆನ್ನು ಹೆರುವ ಹೊಟ್ಟೆಯ ಹಾಗೆ ಉಬ್ಬಿತ್ತು. ಉಬ್ಬಿನ ಅಂಚಿನಲ್ಲಿ ಬೆರಳು ಗಾತ್ರದ ತೂತಿನಿಂದ ನೀರು ಬರುತ್ತಿತ್ತು. ನಾನು ಬೊಗಸೆ ಒಡ್ಡಿ ಅವಳ ಬಾಯಿಗೆ ಹಿಡಿದೆ. ಅವಳು ನಾಲಿಗೆಯ ಮೇಲೆ ಹಿಡಿದಳು, ಅಂಗುಳಿಗೆ ಒತ್ತಿದಳು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಉಗುಳಿದಳು.

"ಜೇಡಿ" ಎಂದಳು. "ಹೊರಗಿನ ಮಣ್ಣಲ್ಲ. ನಾವು ತುಳಿದದ್ದೇ ಬರ್ತಿದೆ."

ಒಡ್ಡಿನ ಬುಡದಿಂದ ನಮ್ಮ ಮೊದಲ ಮನೆಗೆ ನೂರು ಹೆಜ್ಜೆ. ನಮ್ಮ ಮನೆ ಮೂರನೆಯದು.

ಶಾಮಿಯಾನದ ಹತ್ತಿರ ಹೋಗಿ ಬೋರ್ಡಿಗೆ ಹೇಳಿದೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಎದೆಯ ಮೇಲೆ ಹೂ. ಎಂಜಿನಿಯರ್ ನನ್ನ ಮುಖ ನೋಡಿ ಹಿಂಬದಿಗೆ ಓಡಿದ. ವಾಪಸ್ಸು ಬಂದಾಗ ಅವನ ಬೂಟು ಕೆಸರಾಗಿತ್ತು. "ಸರ್, ತೂಬು ತೆಗೆದು ನೀರು ಇಳಿಸ್ಬೇಕು. ಈಗ್ಲೇ" ಎಂದ.

"ಈಗ್ಲೇ ಇಳಿಸಿದ್ರೆ ಹಂಸ ಎಲ್ರೀ ತೇಲುತ್ತೆ? ಹನ್ನೊಂದು ಗಂಟೆಗೆ ಅವ್ರು ಬರ್ತಾರೆ. ಹನ್ನೆರಡಕ್ಕೆ ಹೋಗ್ತಾರೆ. ಆಮೇಲೆ ಇಳಿಸಿ" ಎಂದು ಬೋರ್ಡು ನನ್ನ ಕಡೆ ತಿರುಗಿದ. "ಅಲ್ಲೀವರೆಗೆ ನಿಮ್ಮೋರನ್ನೆಲ್ಲ ಕರೆಸು. ಆ ಉಬ್ಬಿನ ಮೇಲೆ ಮಣ್ಣು, ಕಲ್ಲು ಹೇರಿ. ಮೇಲೆ ಒಂದಿಷ್ಟು ಹುಲ್ಲು ಹಾಸಿ, ಕಾಣಬಾರ್ದು."

"ಆ ಉಬ್ಬಿನ ಕೆಳಗೆ ನಿಂತು ಮಣ್ಣು ಹೊರಬೇಕಾ ನಾವು?"

"ಮತ್ತೆ ನಾನು ಹೊರ್ಲಾ? ಒಡ್ಡು ಹೋದ್ರೆ ಮೊದಲು ಕೊಚ್ಚಿಹೋಗೋದು ನಿಮ್ಮ ಮನೆಗಳೇ. ನಮ್ಮದು ಮೇಲಿದೆ. ನಿನಗೇ ಬಿಟ್ಟಿದ್ದು."

ಹೇಳಿ ಎದೆಯ ಹೂ ಸರಿಮಾಡಿಕೊಂಡ. ಅಷ್ಟು ಹೊತ್ತು ನನಗೆ ಅವನ ಮೇಲೆ ಸಿಟ್ಟಿತ್ತು. ಆ ಕ್ಷಣದಲ್ಲಿ ಸಿಟ್ಟೂ ಹೋಯಿತು. ಸಿಟ್ಟು ಮಾಡಿಕೊಳ್ಳಲೂ ಎದುರಿನವನಲ್ಲಿ ಏನಾದರೂ ಇರಬೇಕು. ಇವನಲ್ಲಿ ಏನಿದೆ, ಇಸ್ತ್ರಿ ಮಾಡಿದ ಅಂಗಿ ಬಿಟ್ಟರೆ?

"ಹೊರಲ್ಲ" ಎಂದೆ.

"ಏನಂದೆ?"

"ಹೊರಲ್ಲ ಅಂದೆ. ನೀನು ಮುಚ್ಚಿದ್ದು, ನೀನು ತೆಗಿ." ನೀನು ಎಂಬುದು ಬಾಯಿಂದ ತಾನಾಗಿಯೇ ಬಂತು. ಭಾವಮೈದ ಕೈ ಎತ್ತಿಕೊಂಡು ಬಂದ. ಎಂಜಿನಿಯರ್ ನಡುವೆ ನಿಂತ.

ನಾನು ಬೀದಿಗೆ ಇಳಿದು ಮನೆ ಮನೆಯ ಬಾಗಿಲು ಬಡಿದೆ. ಹೊರಡಿ, ಹೊರಲಾಗುವುದನ್ನು ಹೊತ್ತುಕೊಂಡು ಒಡ್ಡಿನ ಮೇಲಕ್ಕೆ ಹೊರಡಿ ಎಂದೆ. ಹನ್ನೆರಡು ಮನೆ, ನಲವತ್ತೈದು ಜನ. ಮಂಚ, ಹಾಸಿಗೆ, ಪಾತ್ರೆ, ಕೋಳಿ. ಒಬ್ಬಳು ಬಾಗಿಲನ್ನೇ ಕಿತ್ತುಕೊಂಡು ಬಂದಳು. "ಹೊಸ ಬಾಗಿಲು ಕಣೆ, ಹೋದ ತಿಂಗಳು ಹಾಕಿಸಿದ್ದು" ಎಂದಳು. ಉಬ್ಬಿನಿಂದ ದೂರ, ಒಡ್ಡು ಗಟ್ಟಿ ದಡಕ್ಕೆ ಸೇರುವ ಮೂಲೆಯಲ್ಲಿ ದಾರಿ ಸುತ್ತಿ ಮೇಲೆ ಬಂದೆವು. ಮೆಟ್ಟಿಲುಗಳಿರುವುದೂ ಅಲ್ಲೇ. ಯಾವ ಕಡೆ ಕೂರುವುದು ಎಂದು ಯಾರೋ ಕೇಳಿದರು. ಮಗಳು ಮಗುವನ್ನು ಎದೆಗೊತ್ತಿಕೊಂಡು ಎಲ್ಲರಿಗಿಂತ ಮುಂದೆ ಹೋಗಿ ಮುಂದಿನ ಮೆಟ್ಟಿಲ ಮೇಲೆ ಕೂತಳು. ಅವರು ಸೋಪು ಹಾಕಿ ಉಜ್ಜಿದ್ದ ಮೆಟ್ಟಿಲ ಮೇಲೆಯೇ ಕೂತಳು. ಉಳಿದವರು ಅವಳ ಹಿಂದೆ, ಪಕ್ಕದಲ್ಲಿ, ಮೇಲೆ, ಕೆಳಗೆ ಕೂತರು. ಮಂಚಗಳನ್ನು ಹಂಸಗಳ ಮುಂದೆ ಇಟ್ಟರು.

"ಏಳಿ, ಏಳ್ರೋ ಮೇಲೆ" ಎಂದು ಭಾವಮೈದ ಕೂಗಾಡಿದ. ಒಬ್ಬಳನ್ನು ಒದೆಯುವುದು ಸುಲಭ. ನಲವತ್ತೈದು ಜನರನ್ನು ಎಲ್ಲಿಂದ ಒದೆಯಲು ಶುರುಮಾಡುವುದು ಎಂದು ಅವನಿಗೆ ತಿಳಿಯಲಿಲ್ಲ.

ನಾನು ಚಕ್ರದ ಹತ್ತಿರ ಹೋದೆ. ಗಂಡ ಅದರ ಪಕ್ಕದಲ್ಲಿ ನಿಂತಿದ್ದ. "ತಿರುಗಿಸ್ರಿ" ಎಂದೆ. ಅವನು ಬೋರ್ಡಿನ ಕಡೆ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತ ಮಗಳ ಕಡೆ ನೋಡಿದ. ಎರಡೂ ಕೈ ಚಕ್ರಕ್ಕೆ ಹಾಕಿದ. ತಿರುಗಿಸಿದ. ಒಂದು ಸುತ್ತು, ಎರಡು, ಹತ್ತು, ಚಕ್ರ ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದ. ಕೆಳಗೆ ಕಾಲುವೆಯಲ್ಲಿ ನೀರು ಭೋರ್ಗರೆಯಿತು.

ಬೋರ್ಡು ಓಡಿ ಬಂದ. "ಏಯ್, ಯಾರನ್ನ ಕೇಳಿ ತೆಗೆದೆ?"

"ನನ್ನ ಹೆಂಡ್ತೀನ ಕೇಳಿ, ಯಜಮಾನ್ರೇ" ಎಂದ ನನ್ನ ಗಂಡ. ಯಜಮಾನ್ರೇ ಅನ್ನುವುದನ್ನು ಬಿಡಲಿಲ್ಲ ಮಹಾರಾಯ. ಆದರೆ ಚಕ್ರದ ಹಿಡಿಯನ್ನೂ ಬಿಡಲಿಲ್ಲ. ಬೋರ್ಡು ಅವನ ಕೈ ಎಳೆದ, ಭಾವಮೈದ ಸೊಂಟ ಹಿಡಿದು ಜಗ್ಗಿದ. ಇಪ್ಪತ್ತೈದು ವರ್ಷ ಅದೇ ಹಿಡಿಯನ್ನು ಹಿಡಿದ ಕೈ ಅದು. ಜಗ್ಗಿ ಜಗ್ಗಿ ಅವರೇ ಸುಸ್ತಾದರು.

ಹನ್ನೊಂದು ಗಂಟೆಗೆ ದೊಡ್ಡ ಮನುಷ್ಯರ ಕಾರು ಬಂತು. ಗಾಜು ಇಳಿಯಿತು. ಶಾಮಿಯಾನದ ಕೆಳಗೆ ಕೋಳಿಗಳು, ಮೆಟ್ಟಿಲ ಮೇಲೆ ಮಂಚಗಳು, ನೀರು ಇಳಿದು ಒಂದು ಕಡೆಗೆ ವಾಲಿದ ಎರಡು ಹಂಸ. ಗಾಜು ಮೇಲೇರಿತು. ಕಾರು ಅಲ್ಲೇ ತಿರುಗಿ ಹೋಯಿತು.

ಅಷ್ಟರಲ್ಲಿ ಎಂಜಿನಿಯರ್ ಮತ್ತೆ ಹಿಂಬದಿಯಿಂದ ಓಡಿ ಬಂದ. ತೂತು ಮುಷ್ಟಿಯಷ್ಟಾಗಿತ್ತಂತೆ. ನೀರು ಇಳಿಯುವುದು ಸಾಲದು, ಒಳಗೆ ನಿಂತದ್ದು ಹೊರಗೆ ಹೋಗಬೇಕು, ಸಿಮೆಂಟು ಒಡೆಯಲೇಬೇಕು ಎಂದ. "ಇಲ್ದಿದ್ರೆ ಒಡ್ಡು ಉಳಿಯಲ್ಲ ಸರ್. ಹೊಲ, ಮೀನು, ಪಂಪು, ಏನೂ ಉಳಿಯಲ್ಲ."

ಬೋರ್ಡು ನಮ್ಮ ಕಡೆ ನೋಡಿದ. ದನಿ ಬದಲಾಗಿತ್ತು. "ಬನ್ರಮ್ಮ, ಎಲ್ರೂ ಸೇರಿ ಒಡೆಯೋಣ. ನಿಮ್ಮ ಗುಂಡಿಗೂ ನೀರು ಬರುತ್ತಲ್ಲ."

"ಮುಚ್ಚಿದೋರು ಒಡೀಲಿ" ಎಂದೆ. "ಎಲ್ಲಿ ಮೊದ್ಲು ಒಡೀಬೇಕು, ಎಷ್ಟು ಒಡೀಬೇಕು, ನಾನು ಹೇಳ್ತೀನಿ. ನಿಂತು ಹೇಳ್ತೀನಿ. ಕೈ ಹಾಕಲ್ಲ. ಇನ್ನೊಂದು ಮಾತು. ನಾವು ಈ ಮೆಟ್ಟಿಲಿಂದ ಏಳಲ್ಲ. ಇವತ್ತೂ ಏಳಲ್ಲ, ನಾಳೆನೂ ಏಳಲ್ಲ. ಇನ್ಮೇಲೆ ನೀರು ತುಂಬೋದು ಇಲ್ಲೇ."

ಅವನು ಮೇಲಿನ ಬೀದಿಯ ಕಡೆ ನೋಡಿದ. ಕುರ್ಚಿಯಲ್ಲಿ ಕೂತಿದ್ದವರೆಲ್ಲ ತೂತು ದೊಡ್ಡದಾಯಿತೆಂದು ಕೇಳಿದ ಕೂಡಲೇ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಉಳಿದವರು ಬೋರ್ಡು, ಭಾವಮೈದ, ಎಂಜಿನಿಯರ್ ಮೂವರೇ.

ಮೂವರೂ ಹಾರೆ ಹಿಡಿದು ಇಳಿದರು. ನಾನು ಉಬ್ಬಿನಿಂದ ದೂರ, ಗಟ್ಟಿ ನೆಲ ನೋಡಿ ನಿಂತೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಉಬ್ಬಿನ ನೇರ ಬೇಡ, ಆ ತುದಿಯಿಂದ ಬಾ" ಎಂದೆ. "ಹಾರೆ ಹಾಗಲ್ಲ ಹಿಡಿಯೋದು. ಕೆಳಗಿನ ಕೈ ಸಡಿಲ." ಬೋರ್ಡು ಹಾರೆ ಎತ್ತಿದ, ಬಿಟ್ಟ. ಸಿಮೆಂಟಿಗೆ ಏನೂ ಆಗಲಿಲ್ಲ, ಅವನ ಮೊಣಕೈಗೆ ಆಯಿತು. ಹತ್ತನೇ ಏಟಿಗೆ ಮೊದಲ ಚೂರು ಎದ್ದಿತು. ಅದರ ಹಿಂದಿನಿಂದ ಕಂದು ನೀರು ಚಿಮ್ಮಿ ಅವನ ಬಿಳಿ ಅಂಗಿಯ ಮೇಲೆ, ಬಾಯಿಯ ಮೇಲೆ ಬಿತ್ತು. ಅವನು ಥೂ ಥೂ ಎಂದು ಉಗುಳಿದ. ಮೂರು ತಾಸು ಒಡೆದರು. ಒಂದೊಂದು ಮಾರು ಸಿಮೆಂಟು ಎದ್ದ ಹಾಗೆ ಒಂದೊಂದು ಕಡೆ ನೀರು ಹರಿಯಿತು. ಭಾವಮೈದ ತಾನು ಹೆಸರು ಗೀಚಿದ್ದ ಚೂರನ್ನು ತಾನೇ ಕಿತ್ತು ಎಸೆದ. ಬೋರ್ಡಿನ ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಹಾರೆಗೆ ಅಂಟಿಕೊಂಡವು.

ಆ ಮಧ್ಯೆ ಒಂದು ಸಲ ಮೇಲೆ ಹೋಗಿ ನೋಡಿ ಬಂದೆ. ಮಗಳು ಮೆಟ್ಟಿಲ ಮೇಲೆ ಮೂರು ಕಲ್ಲಿಟ್ಟು, ಮುಂದಿನ ನೀರನ್ನು ಕುದಿಸಿ, ಆರಿಸಿ ಚೊಂಬು ಚೊಂಬು ಕುಡಿಯುತ್ತಿದ್ದಳು. ವಾಂತಿಯಾಗಲಿಲ್ಲ. ಮಗು ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ಆ ಅಳು ಕೇಳಿ ನನಗೆ ಜೀವ ಬಂತು.

ವಾಪಸ್ಸು ಬರುವಷ್ಟರಲ್ಲಿ ಉಬ್ಬು ಇಳಿಯತೊಡಗಿತ್ತು. ಹೊಸದಾಗಿ ತೆರೆದ ಕಡೆ ನೀರು ತಿಳಿಯಾಗುತ್ತಿತ್ತು. ಅತ್ತೆ ನಾಲಿಗೆಯ ಮೇಲೆ ಹಿಡಿದು, ಒತ್ತಿ, ನುಂಗಿದಳು. "ಮಣ್ಣಿಲ್ಲ" ಎಂದಳು. ಎಂಜಿನಿಯರ್ ಅದನ್ನು ಕೇಳಿದವನೇ ಹಾರೆ ಬಿಟ್ಟು ಮಂಡಿಯೂರಿ, ಎರಡೂ ಕೈಯಲ್ಲಿ ಮೊಗೆದು ಮೊಗೆದು ಕುಡಿದ.

ಬೋರ್ಡು ಕೆಸರಿನಲ್ಲಿ ಕುಕ್ಕರಿಸಿದ್ದ. ತುಟಿ ಬಿಳಿಚಿಕೊಂಡಿತ್ತು. "ನೀರು" ಎಂದ. "ಯಾರಾದ್ರೂ ಒಂದು ಲೋಟ ನೀರು ಕೊಡಿ."

"ಮುಂದೇ ಹರೀತಿದೆಯಲ್ಲ" ಎಂದೆ. "ಬಗ್ಗಿ ಕುಡಿ. ಇಪ್ಪತ್ತೈದು ವರ್ಷ ನಾವು ಕುಡಿದದ್ದು ಅದನ್ನೇ."

ಅವನು ನೀರು ನೋಡಿದ. ನನ್ನನ್ನು ನೋಡಿದ. ನಾಲಿಗೆ ತುಟಿಯ ಮೇಲೆ ಆಡಿತು. ಕೈ ಒಂದಿಷ್ಟು ಮುಂದೆ ಹೋಯಿತು. ಆಮೇಲೆ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಮನೆಗೆ ಹೋಗಿ ಒಂದು ಬಾಟಲಿ ತಾ ಎಂದು ಭಾವಮೈದನಿಗೆ ಹೇಳಿದ.

"ನಂಗೆ ಏಳೋಕಾಗಲ್ಲ ಭಾವ" ಎಂದ ಅವನು, ಬಿದ್ದಲ್ಲಿಂದಲೇ.

ಬೋರ್ಡು ಹರಿಯುವ ನೀರಿನ ಎದುರು ಬಾಯಿ ಒಣಗಿಸಿಕೊಂಡು ಕೂತ.

ಅತ್ತೆ ನನ್ನ ಕೈ ಮುಟ್ಟಿದಳು. "ಕುಡಿದ್ನಾ?"

"ಇಲ್ಲ ಅತ್ತೆ."

"ಹಾಗಾದ್ರೆ ಅವನಿಗೆ ಇನ್ನೂ ಬಾಯಾರಿಲ್ಲ ಬಿಡು" ಎಂದಳು ಅತ್ತೆ. "ಒಡೀಲಿ. ಇನ್ನೂ ಎರಡು ಮಾರು ಸಿಮೆಂಟು ಉಳಿದಿರ್ಬೇಕು."

ನಾನು ಕೆಸರಿನಲ್ಲಿ ಬಿದ್ದಿದ್ದ ಹಾರೆಯನ್ನು ಕಾಲಿನಿಂದ ಅವನತ್ತ ತಳ್ಳಿದೆ.